ಚೀಲದ ಕೆಳಗಿನ ಅಕ್ಷರ

“ನಂಜಾಗ್ತೈತಿ, ಚೀಲ ಬದಲಿಸೂತನಕ ಮಾಸ್ಕ್ ಹಾಕ್ಕೋರೀ” ಎಂದದ್ದೇ ತಪ್ಪಾಯಿತು. ಸಲೈನ್ ಸ್ಟ್ಯಾಂಡಿನ ಕಬ್ಬಿಣ ಬೀಸಿ ಬಂದು ಅವಳ ಹುಬ್ಬು ಸೀಳಿತು. ಸಕ್ಕರೆ ಕಾಯಿಲೆ ಗಂಡನ ಮೂತ್ರಪಿಂಡ ತಿಂದಿತ್ತು, ಕಣ್ಣನ್ನೂ ತಿಂದಿತ್ತು. ಕೈಯನ್ನು ಮಾತ್ರ ಮುಟ್ಟಿರಲಿಲ್ಲ.

ಆರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಅವನ ಹೊಟ್ಟೆಯ ನಳಿಕೆಯಿಂದ ಹಳೆಯ ಡಯಾಲಿಸಿಸ್ ನೀರನ್ನು ಚೀಲಕ್ಕೆ ಇಳಿಸಿ, ಹೊಸದು ತುಂಬುವವಳು ಅವಳೇ. ಇಳಿದ ಚೀಲದ ಕೆಳಗೆ ಪತ್ರಿಕೆ ಇಟ್ಟು ನೋಡಬೇಕು. ನೀರು ಬೆಳ್ಳಗಾಗಿ ಅಕ್ಷರ ಕಾಣದಿದ್ದರೆ ಹೊಟ್ಟೆಯೊಳಗೆ ಕೀವಾಗಿದೆ, ಅವತ್ತೇ ಆಸ್ಪತ್ರೆಗೆ ಓಡಬೇಕು, ತಡವಾದರೆ ಜೀವ ಉಳಿಯದು ಎಂದು ನರ್ಸ್ ಇಬ್ಬರಿಗೂ ಕಲಿಸಿದ್ದಳು.

“ಮುಂಜಾನಿಂದ ಹೊಟ್ಟಿ ಹಿಂಡಾಕತ್ತೈತಿ. ಅಕ್ಷರ ಕಾಣ್ತಾವೇನು?”

“ಕಾಣ್ತಾವ್ರೀ.”

“ಸುಳ್ಳು ಹೇಳಿದ್ರ ಇನ್ನೊಂದು ಹುಬ್ಬೂ ಒಡೀತೀನಿ. ಓದು!”

ಕಣ್ಣಿಗಿಳಿದ ರಕ್ತ ಒರೆಸಿಕೊಂಡು ಅವಳು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದಳು: “ಬಾವಿಗೆ ಬಿದ್ದ ಎಮ್ಮೆಯ ರಕ್ಷಣೆ. ಮೂರು ತಾಸಿನ ಹರಸಾಹಸ. ಹಗ್ಗ ಕಟ್ಟಿ ಮೇಲೆತ್ತಿದ ಗ್ರಾಮಸ್ಥರು...”

“ಸಾಕು ಸಾಕು. ದವಾಖಾನಿ ಬ್ಯಾಡ,” ಎಂದು ಅವನು ನೆಮ್ಮದಿಯಿಂದ ಮಗ್ಗುಲಾದ.

ಚೀಲದ ಮೇಲೆ ಹರಡಿದ್ದ ಪತ್ರಿಕೆಯನ್ನು ಅವಳು ತೆಗೆದು ಮಡಚಿದಳು. ಅಡಿಯಲ್ಲಿದ್ದ ಚೀಲ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು.