ಎರಡು ಮೀಟರ್ ಕಡಿಮೆ

"ಬರೀ ಎರಡು ಮೀಟರ್ ಅಪ್ಪಾ!" ಎಂದು ಮಗಳು ಹಳೆಯ ನಕ್ಷೆಯ ಮೇಲೆ ಬೆರಳಿಟ್ಟಾಗ, ಸರ್ವೇಯರ್ ಕೆಲಸದಿಂದ ನಿವೃತ್ತನಾಗಿದ್ದ ಅಪ್ಪನ ಕೈಯಲ್ಲಿದ್ದ ಲೋಟ ತುಟಿಯ ಬಳಿಯೇ ನಿಂತಿತು. ಸರ್ಕಾರದ ನಿಯಮದಂತೆ ನೂರು ಮೀಟರ್ ಎತ್ತರವಿದ್ದರೆ ನಕ್ಷೆಯಲ್ಲಿ ಅದು ಬೆಟ್ಟ, ಯಾರೂ ಮುಟ್ಟುವಂತಿಲ್ಲ. ಒಂದು ಗೇಣು ಕಡಿಮೆಯಾದರೂ ದಿಬ್ಬ, ಕಲ್ಲು ಒಡೆಯುವವರ ಪಾಲು. ಮಗಳ ಬೆರಳಿದ್ದ ಜಾಗದಲ್ಲಿ ಮೂವತ್ತು ವರ್ಷಗಳ ಹಿಂದೆ ಅವನು ತನ್ನ ಮುತ್ತಿನಂಥ ಅಕ್ಷರದಲ್ಲಿ 'ದಿಬ್ಬ, ತೊಂಬತ್ತೆಂಟು' ಎಂದು ಬರೆದಿದ್ದ. ಆ ದಿಬ್ಬ ಜಲ್ಲಿಯಾಗಿ ಲಾರಿ ಹತ್ತಿ ಹೋಯಿತು. ಈಗ ಅಪ್ಪನದೇ ಕೆಲಸಕ್ಕೆ ಸೇರಿರುವ ಮಗಳು ಅದೇ ಜಾಗಕ್ಕೆ 'ಗುಂಡಿ' ಎಂದು ಬರೆಯಬೇಕಿತ್ತು.

"ನೀವೇನ್ ಮಾಡೋಕಾಗ್ತಿತ್ತು ಬಿಡಿ, ಇದ್ದಿದ್ದನ್ನ ಇದ್ದ ಹಾಗೆ ಬರೆದ್ರಿ," ಎಂದಳು. "ನಿಮ್ಮ ಅಳತೆ ಅಂದ್ರೆ ಆಫೀಸಲ್ಲಿ ಈಗ್ಲೂ ಕಣ್ಮುಚ್ಚಿ ನಂಬ್ತಾರೆ."

ತಲೆಯಾಡಿಸಿ ಸುಮ್ಮನಾಗಬಹುದಿತ್ತು, ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಅವನು ಲೋಟ ಕೆಳಗಿಟ್ಟ.

"ಅದರ ಬುಡ ರಸ್ತೆಗಿಂತ ಎರಡಾಳು ಕೆಳಗಿತ್ತು ಮಗಳೇ, ಕೆಸರಲ್ಲಿ. ನಾನು ಇಳೀಲೇ ಇಲ್ಲ. ರಸ್ತೆಯಿಂದಾನೇ ಅಳೆದುಬಿಟ್ಟೆ."

ಮಗಳ ಬೆರಳು ನಕ್ಷೆಯಿಂದ ಮೆಲ್ಲಗೆ ಮೇಲೆದ್ದಿತು. "ಯಾಕಪ್ಪಾ?"

"ಬೂಟು ಹೊಸದಿತ್ತು."