ವಾಸೊಳ ಸೂಜಿ

"ಇವಳಿಗೆ ಈ ಸೂಜಿ ಹಾಕಿ ಆಗಿದೆ" ಎಂದು ಥಾಯ್ ಭಾಷೆಯಲ್ಲಿ ಹೇಳಿ ನರ್ಸ್ ಮಗುವಿನ ಲಸಿಕೆ ಬರೆದಿಡುವ ಗುಲಾಬಿ ಬಣ್ಣದ ಪುಸ್ತಕವನ್ನು ಮೇಜಿನ ಈಚೆಗೆ ತಳ್ಳಿದಳು. ಪಕ್ಕದಲ್ಲಿ ಕೂತಿದ್ದ ದುಭಾಷಿ ಡೊ ತಾನ್ ಅದನ್ನೇ ಬರ್ಮೀಸಿನಲ್ಲಿ ಹೇಳಿದಳು. ಬರ್ಮಾದಿಂದ ದುಡಿಯಲು ಬಂದಿದ್ದ ಯಿನ್ ಮೇ ಆಗಲೇ ಮಗಳು ವಾಸೊಳ ಚಡ್ಡಿ ಮೇಲೆ ಸರಿಸಿ, ತೊಡೆ ಹಿಡಿದುಕೊಂಡು ಕೂತಿದ್ದಳು.

"ಇಲ್ಲ ದೊಡ್ಡಮ್ಮ, ಆಗಿಲ್ಲ. ನಮ್ಮ ಕೋಣೆಗಳ ಸಾಲಲ್ಲೇ ಒಂದು ಮಗು ಗಂಟಲಮಾರಿ ಬಂದು ತೀರಿಹೋಯ್ತು. ಅದಕ್ಕೇ ಕೆಲಸ ಬಿಟ್ಟು ಓಡಿ ಬಂದಿದ್ದು."

"ತಾರೀಖು ಬರೆದಿದಾರಲ್ಲೇ. ಎರಡು ತಿಂಗಳ ಹಿಂದೆ. ಮುಂದಿನದು ಮಗೂಗೆ ನಾಲ್ಕು ವರ್ಷ ತುಂಬಿದ ಮೇಲೇ ಅಂತೆ."

ಎರಡು ತಿಂಗಳ ಹಿಂದೆ. ಯಿನ್ ಮೇಗೆ ಆಗ ನೆನಪಾಯಿತು. ಅವತ್ತು ಪಕ್ಕದ ಕೋಣೆಯ ನ್ವೆ ಯೀ ಅಳುತ್ತ ಬಂದಿದ್ದಳು. ಅವಳ ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಸೀಗಡಿ ಸುಲಿಯುವ ಶೆಡ್ಡಿನ ಹಿಂದೆ. ಅದಕ್ಕೆ ಪುಸ್ತಕವಿಲ್ಲ, ಪುಸ್ತಕವಿಲ್ಲದ ಮಗುವನ್ನು ಈ ಆರೋಗ್ಯ ಕೇಂದ್ರದಲ್ಲಿ ಮುಟ್ಟುವುದಿಲ್ಲ. ಕಿವಿ ಸೋರಿ ಮೂರು ದಿನದಿಂದ ಕಿರುಚುತ್ತಿದ್ದ ಕೂಸನ್ನು ನೋಡಲಾರದೆ ಯಿನ್ ಮೇ ತಾನಾಗಿಯೇ ವಾಸೊಳ ಪುಸ್ತಕ ತೆಗೆದುಕೊಟ್ಟಿದ್ದಳು. ಒಂದೇ ವಯಸ್ಸಿನ ಹೆಣ್ಣುಮಕ್ಕಳು, ಎರಡರ ಕೆನ್ನೆಗೂ ತನಖಾ ತೊಗಟೆಯ ಹಳದಿ ಲೇಪ. ದಿನಕ್ಕೆ ನೂರು ಮಕ್ಕಳನ್ನು ನೋಡುವ ನರ್ಸಿಗೆ ವ್ಯತ್ಯಾಸ ಕಂಡಿರಲಿಲ್ಲ. ಪುಸ್ತಕ ನೋಡಿ, ಬಾಕಿ ಇದ್ದ ಸೂಜಿಯನ್ನೂ ಹಾಕಿ ಕಳಿಸಿದ್ದಾಳೆ.

ಡೊ ತಾನ್ ಯಿನ್ ಮೇಯ ಮುಖವನ್ನೇ ನೋಡಿದಳು. "ಯಾರಿಗೆ ಕೊಟ್ಟಿದ್ಯೇ? ಬೇಡ, ಹೇಳ್ಬೇಡ. ಹೇಳಿದ್ರೆ ಪುಸ್ತಕ ಕಿತ್ಕೋತಾರೆ, ಆಮೇಲೆ ಇಬ್ಬರಿಗೂ ಇಲ್ಲ. ಮರೆತಿದ್ದೆ ಅಂದ್ಬಿಡು."

"ಮರೆತಿದ್ದೆ" ಎಂದಳು ಯಿನ್ ಮೇ. ನರ್ಸ್ ನಕ್ಕು ಏನೋ ಅಂದಳು. ಡೊ ತಾನ್ ಅದನ್ನು ಬರ್ಮೀಸಿಗೆ ತಿರುಗಿಸಲಿಲ್ಲ.

ಯಿನ್ ಮೇ ಕೋಣೆಗೆ ಮರಳಿದಾಗ ನ್ವೆ ಯೀ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. "ಏನಕ್ಕ, ತುಂಬಾ ಅತ್ತಳಾ ವಾಸೊ? ನಮ್ಮವಳಂತೂ ಊರೇ ಒಂದು ಮಾಡಿದ್ಲು."

"ಅವತ್ತು ನಿನ್ನ ಮಗಳಿಗೆ ಹಾಕಿದ ಸೂಜಿ ಕಿವಿಗಲ್ಲ ಕಣೇ. ಗಂಟಲಮಾರೀದು. ವಾಸೊಗೆ ಬರಬೇಕಾಗಿದ್ದು."

"ಕಿವೀಗೇ ಅಂದ್ಕೊಂಡಿದ್ದೆ ಅಕ್ಕ. ನಂಗೆ ಅವರ ಮಾತು ತಿಳಿಯಲ್ವಲ್ಲ." ನ್ವೆ ಯೀ ಒದ್ದೆ ಕೈಯಲ್ಲೇ ಮಗಳನ್ನು ಎಳೆದು ಅಪ್ಪಿಕೊಂಡಳು, ಹಾಕಿದ ಸೂಜಿಯನ್ನು ಯಾರೋ ವಾಪಸು ಕಿತ್ತುಕೊಳ್ಳಲು ಬಂದಿರುವಂತೆ. ಯಿನ್ ಮೇಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎದೆ ಒಂದಿಷ್ಟು ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಸಾಲಿನ ಕೊನೆಯ ಕೋಣೆಯ ಮುಂದೆ ನಿಂತಿದ್ದಳು. ಅಲ್ಲಿಗೆ ಹೊಸದಾಗಿ ಬಂದಿದ್ದ ಥಿರಿಗೂ ವಾಸೊಳ ವಯಸ್ಸಿನದೇ ಹೆಣ್ಣುಮಗು.

"ಮಗೂಗೆ ಕೆಮ್ಮು ಕಣಮ್ಮ. ನಮ್ಮ ಪುಸ್ತಕ ಎಲ್ಲಿಟ್ಟೆನೋ ಸಿಗ್ತಿಲ್ಲ. ಒಂದು ದಿನಕ್ಕೆ ನಿಂದು ಕೊಡ್ತೀಯಾ?"

"ಅಯ್ಯೋ, ಅದಕ್ಕೇನಕ್ಕ, ತಗೊಳ್ಳಿ." ಥಿರಿ ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು, ಉಟ್ಟ ಲುಂಗಿಯ ಅಂಚಿನಿಂದಲೇ ಧೂಳು ಒರೆಸಿ ಮುಂದೆ ಹಿಡಿದಳು. "ಮುಂದಿನ ವಾರ ಇವಳಿಗೆ ಗಂಟಲಮಾರಿ ಸೂಜಿ ಇದೆ. ಅಷ್ಟರೊಳಗೆ ತಂದ್ಕೊಟ್ಟರೆ ಸಾಕು."

ಯಿನ್ ಮೇ ತಲೆ ಬಾಗಿಸಿ, ಎರಡೂ ಕೈ ಚಾಚಿ ಪುಸ್ತಕ ಇಸಿದುಕೊಂಡಳು.