ಹೆಬ್ಬೆಟ್ಟಿನ ಪಕ್ಕ

“ಓದಿದ್ದು ಕೇಳಿಸ್ತಲ್ಲ ಅಜ್ಜಿ? ಇಲ್ಲಿ ಹೆಬ್ಬೆಟ್ಟು ಒತ್ತು,” ಎಂದು ಸರ್ವೆಯ ಭೀಮರಾಜ್ ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದ.

ಮುನಿಗಂಗಮ್ಮ ಒತ್ತಲಿಲ್ಲ. ಸರ್ಕಾರದ ಯೋಜನೆಗೆ ಹೋಗಲಿದ್ದ ಅವಳ ಎರಡು ಎಕರೆಯ ಮಹಜರಿನಲ್ಲಿ ‘ಕೊಳವೆಬಾವಿಯಲ್ಲಿ ನೀರಿಲ್ಲ, ಖುಷ್ಕಿ ಜಮೀನು’ ಎಂದು ಬರೆದಿತ್ತು. ಮಳೆ ನಂಬಿದ ಖುಷ್ಕಿ ಅಂದರೆ ಪರಿಹಾರವೂ ಕಡಿಮೆ.

“ನೀನು ಬಂದಾಗ ಕರೆಂಟಿರ್ಲಿಲ್ಲ ಕಣಪ್ಪ. ತ್ರೀ ಫೇಸ್ ಬರೋದೇ ಎರಡು ಗಂಟೆಗೆ. ಅಷ್ಟುದ್ದ ಹೀರೇಬಳ್ಳಿಗೆ ನಾನೇನು ಕಣ್ಣೀರು ಹಾಯ್ಸಿದ್ನಾ?”

ಹಾಲಿನ ಡೈರಿ ಜಗಲಿಯಲ್ಲಿ ಕೂತಿದ್ದವರು ನಕ್ಕರು. ಭೀಮರಾಜ್ ನಗಲಿಲ್ಲ. “ಒತ್ತದಿದ್ರೆ ‘ಸಹಿಗೆ ನಿರಾಕರಿಸಿದರು’ ಅಂತ ಬರ್ಕೊಂಡು ಹೋಗ್ತೀನಿ. ಆಮೇಲೆ ನಿನ್ನ ಮಾತು ಯಾರೂ ಕೇಳಲ್ಲ, ನೋಡು.”

ಒತ್ತಿದರೆ ಒಪ್ಪಿದ ಹಾಗೆ. ಬಿಟ್ಟರೆ ಮಾತೇ ಇಲ್ಲದ ಹಾಗೆ. ಅಜ್ಜಿ ತಿರುಗಿ, ಬೆನ್ನ ಹಿಂದೆ ಅಡಗಿದಂತೆ ನಿಂತಿದ್ದ ಮೊಮ್ಮಗಳನ್ನು ನೋಡಿದಳು.

ನಾಲ್ಕು ಜನರ ಎದುರು ಚೈತ್ರ ಮಾತಾಡಿದವಳೇ ಅಲ್ಲ. ಬಿ.ಕಾಂ. ಮುಗಿಸಿ ಹೊಸಕೋಟೆಯ ವಕೀಲರೊಬ್ಬರ ಬಳಿ ಟೈಪಿಂಗ್ ಮಾಡುತ್ತಿದ್ದಳು. ‘ಅಂಡರ್ ಪ್ರೊಟೆಸ್ಟ್’ ಎಂಬ ಎರಡು ಪದಗಳನ್ನು ಎಷ್ಟೋ ಸಲ ಟೈಪ್ ಮಾಡಿದ್ದಳು. ಒಂದು ದಿನ ಧೈರ್ಯ ಮಾಡಿ ಅದರ ಅರ್ಥ ಕೇಳಿ, ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಈಗ ಬ್ಯಾಗಿನಿಂದ ಪೆನ್ನು ತೆಗೆದಳು.

“ಮೊದ್ಲು ಅಜ್ಜಿ ಒತ್ಲಿ. ಆಮೇಲೆ ಏನ್ ಬೇಕಾದ್ರೂ ಬರ್ಕೊಳಮ್ಮ,” ಎಂದ ಭೀಮರಾಜ್.

“ಇಲ್ಲ ಸರ್, ಮೊದ್ಲು ಇದು.” ಚೈತ್ರ ಬಗ್ಗಿ, ಆ ಎರಡು ಪದಗಳನ್ನು ಇಂಗ್ಲಿಷಿನಲ್ಲಿ ದುಂಡಗೆ ಬರೆದು, ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿದಳು.

“ಏನಂತ ಬರ್ದೆ? ಎಲ್ರಿಗೂ ಕೇಳೋ ಹಂಗೆ ಹೇಳು,” ಎಂದಳು ಅಜ್ಜಿ.

ಚೈತ್ರ ಬರೆದದ್ದನ್ನು ಗಟ್ಟಿಯಾಗಿ ಹೇಳಿದಳು. “ಸಹಿ ಹಾಕ್ತಿದೀವಿ, ಆದ್ರೆ ಇದನ್ನ ಒಪ್ಪಿಲ್ಲ. ನಮ್ಮ ತಕರಾರು ಹಂಗೇ ಇದೆ. ಕೊಳವೆಬಾವೀಲಿ ನೀರಿದೆ.”

ಭೀಮರಾಜ್ ಆ ಸಾಲನ್ನು ಎರಡು ಸಲ ಓದಿದ. “ಯಾರಮ್ಮ ನಿಂಗಿದನ್ನ ಹೇಳ್ಕೊಟ್ಟಿದ್ದು?”

“ನಾನೇ ಕಣಪ್ಪ ಓದ್ಸಿದ್ದು,” ಎನ್ನುತ್ತ ಮುನಿಗಂಗಮ್ಮ, ಅಕ್ಷರಗಳಿಗೆ ಮಸಿ ತಾಗದ ಹಾಗೆ ಪಕ್ಕದಲ್ಲಿ ಮೆಲ್ಲಗೆ ಹೆಬ್ಬೆಟ್ಟು ಒತ್ತಿದಳು.

ಒರೆಸಿಕೊಳ್ಳಲು ಕೊಟ್ಟ ಬಟ್ಟೆಯನ್ನು ಮುಟ್ಟಲಿಲ್ಲ. ಮನೆಯ ದಾರಿಯಲ್ಲಿ ಅವಳ ಬೆರಳು ನೋಡಿ ಅದೇ ಊರಿನ ಬೈಲಪ್ಪ ಸ್ಕೂಟರ್ ನಿಲ್ಲಿಸಿದ. “ಏನಕ್ಕಾ, ನೀನೂ ಒಪ್ಕೊಂಡ್ಬಿಟ್ಯಾ?”

ಅವಳು ಹೆಬ್ಬೆಟ್ಟನ್ನು ಅವನ ಮುಖದ ಹತ್ತಿರ ಹಿಡಿದಳು. “ಒಪ್ಕೊಂಡೋರ ಹೆಬ್ಬೆಟ್ಟಿಗೂ ಇದೇ ಮಸಿ ಕಣಪ್ಪ. ನನ್ನ ಮಸಿ ಪಕ್ಕ ನಮ್ಮುಡ್ಗಿ ಅಕ್ಷರ ಅವೆ.”